ಮೂರು ಕಂಪ್ಯೂಟರಿಗೆ ಒಂದೇ ಲೈನು

ಎಸ್ಸೆಸ್ಸೆಲ್ಸಿ ಫಲಿತಾಂಶ ನಾಳೆ ಹನ್ನೊಂದು ಗಂಟೆಗೆ ಇಂಟರ್‌ನೆಟ್ಟಿನಲ್ಲಿ ಬರುತ್ತದೆ ಎಂಬ ಸುದ್ದಿ ಪಿರಿಯಾಪಟ್ಟಣಕ್ಕೆ ಮುಟ್ಟಿದಾಗ ಶಾಂತಲಾಳ ಹತ್ತಿರ ಮೂರು ಕಂಪ್ಯೂಟರುಗಳಿದ್ದವು, ಒಂದು ಟೆಲಿಫೋನ್ ಲೈನಿತ್ತು, ಕೈಯಲ್ಲಿ ಒಂದು ಮಧ್ಯಾಹ್ನವಿತ್ತು.

ಗೊಬ್ಬರದಂಗಡಿಯ ಮಹಡಿಯ ಮೇಲಿನ ಅವಳ ಕೋಣೆಗೆ 'ಟೈಪಿಂಗ್, ಬ್ರೌಸಿಂಗ್' ಎಂದು ಬೋರ್ಡಿತ್ತು. ಕಂಪ್ಯೂಟರುಗಳೆಲ್ಲ ಹಳೆಯವು. ಮೈಸೂರಿನ ಯಾವುದೋ ಆಫೀಸು ಹೊಸದನ್ನು ತರಿಸಿಕೊಂಡು ಇವನ್ನು ಹೊರಗೆ ಹಾಕಿದಾಗ, ಹುಣಸೂರಿನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಶಶಿ ಎಂಬವನು ತಂದು, ಧೂಳು ಹೊಡೆದು, ಅವಳಿಗೆ ಕೊಟ್ಟಿದ್ದ. ಒಂದು ಪರವಾಗಿರಲಿಲ್ಲ. ಎರಡನೆಯದು ಕುಂಟುತ್ತ ನಡೆಯುತ್ತಿತ್ತು. ಮೂರನೆಯದನ್ನು ಬೆಳಗ್ಗೆ ಚಾಲೂ ಮಾಡಿ ಕೆಳಗೆ ಹೋಗಿ ಕಾಫಿ ಕುಡಿದು ಬಂದರೆ ಅಷ್ಟರಲ್ಲಿ ತೆರೆ ಮೂಡಿರುತ್ತಿತ್ತು. ಇಂಟರ್‌ನೆಟ್ ಇದ್ದದ್ದು ಮೊದಲನೆಯದಕ್ಕೆ ಮಾತ್ರ. ಫೋನಿನ ತಂತಿ ಅದರೊಳಗಿನ ಮೋಡೆಮ್ಮಿಗೆ ಹೋಗುತ್ತಿತ್ತು. ಅದು ಡಯಲ್ ಮಾಡಿ ಕರ್ರೋ ಎಂದು ಕಿರುಚಿಕೊಂಡು ಮೈಸೂರಿಗೆ ಸೇರಿಕೊಂಡರೆ ಮೇಜಿನ ಮೇಲಿನ ಫೋನು ಸತ್ತಂತೆಯೇ. ಹೊರಗಿನಿಂದ ಯಾರು ಮಾಡಿದರೂ ಎಂಗೇಜು.

ಆ ವರ್ಷ, ಎರಡು ಸಾವಿರದ ಎರಡರಲ್ಲಿ, ಊರಲ್ಲಿ ಮೊಬೈಲು ಹಿಡಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಶಾಂತಲಾಳ ಕುಟುಂಬಕ್ಕೆಲ್ಲ ಆ ಮೇಜಿನ ಮೇಲಿನ ಫೋನೇ ಫೋನು. ಆ ತಿಂಗಳು ಅದು ಬರೀ ಫೋನಾಗಿಯೂ ಇರಲಿಲ್ಲ.

ಅಕ್ಕ ರಾಧಾ ತುಂಬು ಬಸುರಿ. ಕೆ.ಆರ್. ನಗರದಾಚೆ ಹೊಸ ಅಗ್ರಹಾರದಲ್ಲಿ ಗಂಡನ ಮನೆಯಲ್ಲಿದ್ದಳು. ಹೆರಿಗೆಗೆ ಇನ್ನೂ ಮೂರು ವಾರವಿತ್ತು. ಮಾಸು ಕೆಳಗೆ ಕೂತಿದೆ, ಯಾವಾಗ ಬೇಕಾದರೂ ರಕ್ತ ಹೋಗಬಹುದು, ಪ್ರಯಾಣ ಮಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಕರೆತರುವ ಹಾಗಿರಲಿಲ್ಲ. ಅವ್ವ ವಿಮಲಮ್ಮನೇ ಅಲ್ಲಿಗೆ ಹೋಗಿ ಕೂತಿದ್ದಳು. ರಾಧಾಳದ್ದು ಓ ನೆಗೆಟಿವ್. ಕೇಳಿದ ಕೂಡಲೇ ಸಿಗುವ ರಕ್ತವಲ್ಲ. ಮನೆಯಲ್ಲಿ ಆ ರಕ್ತ ಇದ್ದ ಇನ್ನೊಬ್ಬಳು ಶಾಂತಲಾ.

"ಏನಾದ್ರೂ ಆದ್ರೆ ಮೊದಲ ಫೋನು ನಿಂಗೇ ಕಣಮ್ಮ," ಎಂದಿದ್ದ ಭಾವ ಶಿವಶಂಕರ. ಕಬ್ಬು, ಭತ್ತ ಬೆಳೆಯುವವನು, ಮಾತು ಕಮ್ಮಿ. "ನೀನು ಅಂಗಡೀಲೇ ಇರು. ಫೋನ್ ಹತ್ರಾನೇ ಇರು."

"ಇರ್ತೀನಿ ಭಾವ. ಎಲ್ಲೂ ಹೋಗಲ್ಲ."

ಹೇಳಿದ ಹಾಗೆ ಇದ್ದಳು. ಇಪ್ಪತ್ತು ದಿನದಿಂದ ಊಟವನ್ನೂ ಮೇಲಕ್ಕೇ ತಂದುಕೊಳ್ಳುತ್ತಿದ್ದಳು. ಯಾರಾದರೂ ಬ್ರೌಸಿಂಗಿಗೆ ಬಂದರೆ ಹತ್ತು ನಿಮಿಷಕ್ಕೆ ಸಾಕು ಎಂದು ಎಬ್ಬಿಸುತ್ತಿದ್ದಳು. ಗಿರಾಕಿಗಳು ಗೊಣಗಿಕೊಂಡು ಹೋಗುತ್ತಿದ್ದರು.

ಫಲಿತಾಂಶದ ದಿನ ಹಾಗೆ ಎಬ್ಬಿಸಲಾಗುತ್ತಿರಲಿಲ್ಲ. ಹಿಂದಿನ ವರ್ಷ ಒಂದೇ ಕಂಪ್ಯೂಟರಿಗೆ ನೂರೈವತ್ತು ಹುಡುಗ ಹುಡುಗಿಯರು ಮುಗಿಬಿದ್ದು, ಮೆಟ್ಟಿಲಿನ ಕಂಬಿ ಕಿತ್ತು ಬಂದು, ಒಬ್ಬಳ ಕೈ ಮುರಿದಿತ್ತು. ಫಲಿತಾಂಶ ನೋಡಲಾಗದೆ ಸಂಜೆ ಅಳುತ್ತ ಹಳ್ಳಿಯ ಬಸ್ಸು ಹತ್ತಿದ ಮಕ್ಕಳ ಮುಖ ಶಾಂತಲಾಳಿಗೆ ಮರೆತಿರಲಿಲ್ಲ. ಮೂರು ಕಂಪ್ಯೂಟರಿನಲ್ಲೂ ಒಟ್ಟಿಗೆ ನೋಡುವಂತಾದರೆ ಕೆಲಸ ಬೇಗ ಮುಗಿಯುತ್ತದೆ. ಬೇಗ ಮುಗಿದರೆ ಲೈನೂ ಬೇಗ ಬಿಡುವಾಗುತ್ತದೆ. ಅವಳ ಲೆಕ್ಕ ಅದು.

ಶಶಿಗೆ ಫೋನು ಮಾಡಿದಳು. ಅವನು ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಲಿ ಒಂದು ಸೀಡಿ, ಎರಡು ಫ್ಲಾಪಿ, ಒಂದು ಉಂಡೆ ಕೇಬಲ್, ಜೊತೆಗೆ ಎರಡು ಹಾಳೆ ತುಂಬ ಬರೆದು ಕಳಿಸಿದ. 'ಇದಕ್ಕೆ ಪ್ರಾಕ್ಸಿ ಅಂತಾರೆ ಮೇಡಂ. ಮೊದಲನೇ ಕಂಪ್ಯೂಟರಿಗೆ ಇದನ್ನ ಹಾಕಿ. ಉಳಿದೆರಡು ತಮಗೆ ಬೇಕಾದ್ದನ್ನ ಅದರ ಹತ್ರ ಕೇಳ್ತವೆ, ಅದು ಹೊರಗಿಂದ ತಂದು ಕೊಡುತ್ತೆ. ಲೈನು ಒಂದೇ ಸಾಕು' ಎಂದು ಮೊದಲ ಸಾಲಿನಲ್ಲೇ ಇತ್ತು.

ಬಾಗಿಲು ಮುಂದೆ ಮಾಡಿಕೊಂಡು ಶಾಂತಲಾ ನೆಲದ ಮೇಲೆ ಕೂತಳು. ಕೇಬಲನ್ನು ಒಂದರಿಂದ ಇನ್ನೊಂದಕ್ಕೆ ಎಳೆದು, ಎರಡೂ ತುದಿಗೆ ಶಶಿ ಕಳಿಸಿದ್ದ ಟೋಪಿಯಂಥ ಬಿರಡೆ ಸಿಕ್ಕಿಸಿದಳು. ಮೊದಲನೆಯದಕ್ಕೆ ಸೀಡಿ ಹಾಕಿದರೆ ಪ್ರಾಕ್ಸಿ ತಂಟೆಯಿಲ್ಲದೆ ಇಳಿಯಿತು. ಎರಡನೆಯದೂ ಅರ್ಧ ಗಂಟೆಯಲ್ಲಿ ದಾರಿಗೆ ಬಂತು. ಮೂರನೆಯದು ಮೊದಲು ಫ್ಲಾಪಿಯನ್ನೇ ಓದಲಿಲ್ಲ. ಓದಿದ ಮೇಲೆ, ಕೇಬಲ್ ಸಿಕ್ಕಿಸಲು ಒಳಗೆ ಕೂರಿಸಿದ್ದ ಕಾರ್ಡು ಕಾಣುತ್ತಿಲ್ಲ ಎಂದಿತು. ಅವಳು ಡಬ್ಬದ ಮುಚ್ಚಳ ಬಿಚ್ಚಿ, ಕಾರ್ಡು ಕಿತ್ತು, ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಪಕ್ಕದ ಗೂಡಿಗೆ ಒತ್ತಿ ಕೂರಿಸಿದಳು. ಸೆರಗು ತುಂಬ ಧೂಳು. ನಾಲ್ಕನೇ ಸಲಕ್ಕೆ ಕಂಡಿತು. ಬ್ರೌಸರಿನ ಸೆಟ್ಟಿಂಗಿಗೆ ಹೋಗಿ, ಹಾಳೆ ನೋಡಿಕೊಂಡು ಮೊದಲನೇ ಕಂಪ್ಯೂಟರಿನ ವಿಳಾಸದ ಅಂಕಿಗಳನ್ನು ಒಂದೊಂದಾಗಿ ಹೊಡೆದು, ಒಂದು ಪುಟ ಕೇಳಿದಳು. ನಿಧಾನವಾಗಿ, ಮೇಲಿನಿಂದ ಕೆಳಕ್ಕೆ, ಪುಟ ಮೂಡಿಬಂತು. ಶಾಂತಲಾ ಒಬ್ಬಳೇ ಚಪ್ಪಾಳೆ ತಟ್ಟಿದಳು.

ಪ್ರಾಕ್ಸಿಯ ಸೆಟ್ಟಿಂಗಿನಲ್ಲಿ ಇನ್ನೊಂದು ಚೌಕವಿತ್ತು. ಅದಕ್ಕೆ ಟಿಕ್ ಹಾಕಿದರೆ, ಲೈನು ಬಿಟ್ಟುಹೋಗಿದ್ದರೂ ಯಾವ ಕಂಪ್ಯೂಟರ್ ಕೇಳಿದರೂ ಪ್ರಾಕ್ಸಿ ತಾನೇ ಡಯಲ್ ಮಾಡಿಕೊಳ್ಳುತ್ತದೆ. 'ಇದನ್ನ ಹಾಕಿಬಿಡಿ, ಆರಾಮ' ಎಂದು ಶಶಿ ಬರೆದಿದ್ದ. ಹಾಕಿದಳು. ಮೋಡೆಮ್ಮಿನ ಕಿರುಚಾಟವನ್ನೂ ನಿಲ್ಲಿಸಿದಳು. ನಾಳೆ ಆ ಗಲಾಟೆಯಲ್ಲಿ ಅದೊಂದು ಯಾಕೆ ಎಂದುಕೊಂಡಳು.

ಮರುದಿನ ಬೆಳಗ್ಗೆ ಹತ್ತಕ್ಕೇ ಮೆಟ್ಟಿಲ ತುಂಬ ಜನ. ಕೊಪ್ಪದಿಂದ, ಕಂಪಲಾಪುರದಿಂದ, ಬಸ್ಸೇ ಇಲ್ಲದ ಊರುಗಳಿಂದ ಬಂದಿದ್ದರು. ಶಾಂತಲಾ ಹತ್ತು ಹತ್ತು ಜನರನ್ನು ಒಳಗೆ ಬಿಟ್ಟಳು. ಮೂರನೇ ಕಂಪ್ಯೂಟರಿನ ಮುಂದೆ ಹೈಸ್ಕೂಲಿನ ಗಣಿತದ ಮೇಷ್ಟ್ರು ವೀರಭದ್ರಸ್ವಾಮಿ ಕೂತರು. ಅವರ ಕೈಯಲ್ಲಿ ಅರವತ್ತಮೂರು ಮಕ್ಕಳ ರಿಜಿಸ್ಟರ್ ನಂಬರಿನ ಪಟ್ಟಿಯಿತ್ತು. ಅವರ ಬೆನ್ನಿಗೆ ಅಂಟಿಕೊಂಡಂತೆ ಕುಳ್ಳಯ್ಯ ಎಂಬ ಹಿರಿಯರು ನಿಂತರು. ಕಂಪಲಾಪುರದ ಕಡೆಯ ತಂಬಾಕು ಬೆಳೆಗಾರ. ಮೊಮ್ಮಗಳು ಸೌಂದರ್ಯಳನ್ನು ಜೀಪಿನಲ್ಲಿ ಕರೆತಂದಿದ್ದರು. ಆ ಹುಡುಗಿ ನಂಬರನ್ನು ಅಂಗೈ ಮೇಲೆ ಬರೆದುಕೊಂಡಿದ್ದಳು. ಬೆವರಿಗೆ ಶಾಯಿ ಅಳಿಸುತ್ತ ಬಂದ ಹಾಗೆ ಬಾಯಲ್ಲಿ ಅದನ್ನೇ ಹೇಳಿಕೊಳ್ಳುತ್ತಿದ್ದಳು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಶಾಂತಲಾ ಲೈನು ಹಾಕಿದಳು. ಹನ್ನೊಂದಾಯಿತು. ಮೂರು ಕಂಪ್ಯೂಟರುಗಳೂ ಫಲಿತಾಂಶದ ಪುಟ ಕೇಳಿದವು. ಪುಟ ಬರಲಿಲ್ಲ. ಇಡೀ ರಾಜ್ಯವೇ ಅದೇ ಬಾಗಿಲು ತಟ್ಟುತ್ತಿತ್ತು. ಬಿಳೀ ತೆರೆ, ತುದಿಯಲ್ಲಿ ತಿರುಗುವ ಚಿಹ್ನೆ, ಆಮೇಲೆ ಸಿಗಲಿಲ್ಲ ಎಂಬ ಒಂದು ಸಾಲು.

"ಅದೇನ್ ಬಂದದೋ ಇಲ್ವೋ ಒಂದ್ ಮಾತು ಏಳವ್ವ," ಎಂದರು ಕುಳ್ಳಯ್ಯ. "ಬೆಳಗ್ಗೆ ಆರಕ್ಕೆ ಒಂಟಿವ್ನಿ."

"ಬರುತ್ತೆ ಇರಿ ಯಜಮಾನ್ರೇ. ಒತ್ತುತ್ತಾ ಇರಬೇಕು, ಅಷ್ಟೇ."

ಹನ್ನೊಂದೂ ಇಪ್ಪತ್ತಕ್ಕೆ ಅವಳು ಎದ್ದು ನಿಂತಳು. ಬೆಳಗ್ಗೆಯೇ ನಿರ್ಧಾರ ಮಾಡಿಕೊಂಡಿದ್ದಳು. ಇಪ್ಪತ್ತು ನಿಮಿಷಕ್ಕೊಮ್ಮೆ ಐದು ನಿಮಿಷ ಲೈನು ಬಿಡಬೇಕು, ಏನಾದರಾಗಲಿ.

"ಐದು ನಿಮಿಷ ಲೈನು ತೆಗೀತೀನಿ. ಮನೆಯಿಂದ ಫೋನು ಬರೋದಿದೆ."

ಕೋಣೆಯೇ ಎದ್ದು ಅವಳ ಮೇಲೆ ಬಿದ್ದ ಹಾಗಾಯಿತು. "ಈಗ್ಲಾ?" "ಅಯ್ಯೋ ಅಕ್ಕಾ, ಬೇಡ ಅಕ್ಕಾ!" ವೀರಭದ್ರಸ್ವಾಮಿ ಕುರ್ಚಿಯಿಂದಲೇ ತಿರುಗಿದರು. "ಏನಮ್ಮಾ ಇದು, ಮಕ್ಕಳ ಜೀವ ಬಾಯಿಗೆ ಬಂದಿದೆ. ನಿಮ್ಮ ಫೋನು ಅರ್ಧ ಗಂಟೆ ಕಾಯಕ್ಕಾಗಲ್ವೆ?"

"ಕಾಯಕ್ಕಾಗಲ್ಲ ಮೇಷ್ಟ್ರೇ," ಎಂದಷ್ಟೇ ಹೇಳಿ ಶಾಂತಲಾ ಮೊದಲನೇ ಕಂಪ್ಯೂಟರಿನಲ್ಲಿ ಲೈನು ಕಡಿದಳು. ಬಾಗಿಲ ಹತ್ತಿರದ ಮೇಜಿಗೆ ಬಂದು ಫೋನಿನ ಮುಂದೆ ನಿಂತಳು. ರಿಸೀವರ್ ಎತ್ತಿ ನೋಡಬೇಕು ಎನಿಸಿತು. ಎತ್ತಿದರೆ ಆ ಹೊತ್ತಿಗೇ ಭಾವ ಮಾಡಿದರೆ? ಎತ್ತಿದರೂ ಎಂಗೇಜೇ ಬರುತ್ತದಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡಳು. ಗಡಿಯಾರ ನೋಡಿದಳು, ಫೋನು ನೋಡಿದಳು. ಬೆನ್ನ ಹಿಂದೆ ಮಕ್ಕಳು ಗೊಣಗುತ್ತಿದ್ದರು, ಯಾರೋ ಮೌಸು ಒತ್ತುತ್ತಿದ್ದರು. ಐದು ನಿಮಿಷ ಕಳೆಯಿತು. ಫೋನು ಬಡಿಯಲಿಲ್ಲ. ಸದ್ಯ, ಅಕ್ಕ ಚೆನ್ನಾಗಿದ್ದಾಳೆ ಎಂದು ಉಸಿರು ಬಿಟ್ಟು ಹೋಗಿ ಕೂತಳು.

ಹನ್ನೊಂದೂ ಮುಕ್ಕಾಲಿಗೆ ಮತ್ತೆ ಹಾಗೇ. ಈ ಸಲ ಬೈಗುಳ ಜೋರಾಗಿತ್ತು. ಮೆಟ್ಟಿಲ ಮೇಲಿನಿಂದ ಒಬ್ಬ, "ಫೋನ್ ಮಾಡೋರು ಯಾರೋ ಕೇಳ್ರಲಾ, ಗಂಡಿರಬೇಕು!" ಎಂದು ಕೂಗಿದ. ನಕ್ಕರು. ಶಾಂತಲಾಳ ಕಿವಿ ಬಿಸಿಯಾಯಿತು. ಬಸುರಿಯ ಸಂಗತಿ, ಅಷ್ಟು ಜನದ ಮುಂದೆ ಹೇಳುವುದು ಹೇಗೆ? ಅಪಶಕುನ ಆಡಿದಂತೆಯೂ ಆದೀತು. ಫೋನು ಬಡಿಯಲಿಲ್ಲ.

ಮೂರನೇ ಸಲ ಲೈನು ಕಡಿದದ್ದು ಹನ್ನೆರಡೂ ಹತ್ತಕ್ಕೆ. ಬಂದು ಫೋನಿನ ಮುಂದೆ ನಿಂತಳು. ಎರಡು ನಿಮಿಷ ಆಗಿರಬೇಕು. ಹಿಂದೆ ಒಮ್ಮೆಲೇ ಹೋ ಎಂದು ಕೂಗು ಎದ್ದಿತು.

"ಬಂತು! ಬಂತು ಕಣ್ರೋ!"

ವೀರಭದ್ರಸ್ವಾಮಿಯ ಕಂಪ್ಯೂಟರಿನಲ್ಲಿ ಪುಟ ತೆರೆದಿತ್ತು. ಸೌಂದರ್ಯ ಅಂಗೈ ನೋಡದೆಯೇ ನಂಬರು ಹೇಳಿದಳು. ಮೇಷ್ಟ್ರು ಎರಡು ಬೆರಳಲ್ಲಿ ಹೊಡೆದರು. ತೆರೆಯ ಮೇಲೆ ಹೆಸರು ಬಂತು, ಅಂಕ ಬಂದವು. "ಫಸ್ಟ್ ಕ್ಲಾಸು! ಗಣಿತದಲ್ಲಿ ಎಂಬತ್ತೊಂದು!" ಕುಳ್ಳಯ್ಯ ಹೆಗಲ ಮೇಲಿನ ಟವೆಲನ್ನು ಕಣ್ಣಿಗೆ ಒತ್ತಿಕೊಂಡರು. ಹುಡುಗಿ ತಾತನ ತೋಳು ಹಿಡಿದು ಕುಣಿದಳು.

ಶಾಂತಲಾಳಿಗೂ ಮೊದಲು ಬಂದದ್ದು ನಗುವೇ. ಆ ನಗು ಅರ್ಧಕ್ಕೆ ನಿಂತಿತು.

ಲೈನು ಕಡಿದಿದ್ದೇನಲ್ಲ. ಪುಟ ಹೇಗೆ ಬಂತು?

ಶಶಿಯ ಅಕ್ಷರ ಕಣ್ಣ ಮುಂದೆ ಬಂತು. ಆ ಚೌಕ. ತನ್ನ ಕೈಯಾರೆ ಹಾಕಿದ ಟಿಕ್ಕು. ಅವಳು ಕಡಿದಷ್ಟು ಸಲವೂ ಮೇಷ್ಟ್ರು ಆತುರಕ್ಕೆ ಒತ್ತಿದ್ದಾರೆ. ಒತ್ತಿದಷ್ಟು ಸಲವೂ ಪ್ರಾಕ್ಸಿ ಸದ್ದಿಲ್ಲದೆ ಮತ್ತೆ ಡಯಲ್ ಮಾಡಿಕೊಂಡಿದೆ. ಸದ್ದಿಲ್ಲದ ಹಾಗೆ ಮಾಡಿದವಳೂ ತಾನೇ. ಒಂದು ಗಂಟೆ ಇಪ್ಪತ್ತು ನಿಮಿಷದಿಂದ ಈ ಫೋನು ಒಂದು ಕ್ಷಣವೂ ಬಿಡುವಾಗಿಲ್ಲ. ಅದರ ಮುಂದೆ ಕೈಕಟ್ಟಿ ನಿಂತು, ಬಡಿಯಲಿಲ್ಲವಲ್ಲ ಸದ್ಯ ಎಂದು ಸಮಾಧಾನ ಪಟ್ಟುಕೊಂಡಿದ್ದಾಳೆ.

ಓಡಿಹೋಗಿ ಕಂಪ್ಯೂಟರಿನ ಹಿಂದಿನಿಂದ ಫೋನಿನ ತಂತಿಯನ್ನು ಕಿತ್ತಳು.

"ಏನ್ರೀ ಇದು!" ಮೇಷ್ಟ್ರು ಎದ್ದೇಬಿಟ್ಟರು. "ಈಗ ತಾನೇ ತೆರೀತು, ಇನ್ನೂ ಅರವತ್ತೆರಡು ಮಕ್ಕಳಿದ್ದಾರೆ!"

"ನಮ್ಮಕ್ಕನಿಗೆ ರಕ್ತ ಬೇಕಾಗಿರಬೌದು ಮೇಷ್ಟ್ರೇ!" ಶಾಂತಲಾಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಬಸುರಿ. ಅವಳಿಗೆ ಹೊಂದೋ ರಕ್ತ ನನ್ನದೇ. ನಾನು ಲೈನು ಬಿಟ್ಟಿದೀನಿ ಅಂದ್ಕೊಂಡಿದ್ದೆ, ಬಿಟ್ಟೇ ಇರಲಿಲ್ಲ."

ಮೆಟ್ಟಿಲ ಮೇಲಿನಿಂದ ಕೂಗಿದವನು ಎಲ್ಲಿದ್ದನೋ, ಅವನ ಸದ್ದೂ ಇರಲಿಲ್ಲ. ಫೋನೊಂದನ್ನೇ ಎಲ್ಲರೂ ನೋಡುತ್ತ ನಿಂತರು.

ಒಂದು ನಿಮಿಷ. ಇನ್ನೂ ಅರ್ಧ. ಬಡಿಯಿತು.

"ಶಾಂತಲಾ?" ಭಾವನ ದನಿ. ಹಿಂದೆ ಆಸ್ಪತ್ರೆಯ ಗದ್ದಲ. "ಹನ್ನೊಂದೂ ಹತ್ತರಿಂದ ಮಾಡ್ತಾ ಇದೀನಿ ಕಣಮ್ಮ. ಕೆ.ಆರ್. ನಗರದಿಂದ ಮಾಡಿದೆ, ಮೈಸೂರಿಗೆ ಬಂದು ಮಾಡಿದೆ. ಬರೀ ಎಂಗೇಜು." ಆತ ಬೈಯಲಿಲ್ಲ. ಏದುಸಿರು ಬಿಡುತ್ತಿದ್ದ. "ಮಗು ತೆಗೆದ್ರು. ಹೆಣ್ಣು. ಅದು ಉಸಿರಾಡ್ತಾ ಐತೆ. ಇವಳದು ರಕ್ತ ನಿಲ್ತಾ ಇಲ್ಲ. ಇಲ್ಲಿದ್ದದ್ದು ಒಂದೇ ಬಾಟ್ಲು, ಅದ್ನ ಏರಿಸ್ತಾವ್ರೆ. ಇವಳನ್ನ ತೋರಿಸ್ತಿದ್ದ ಆಸ್ಪತ್ರೆಗೇ ಬೇಗ ಬಾ."

"ಬತ್ತೀನಿ ಭಾವ. ಈಗ್ಲೇ ಬತ್ತೀನಿ."

ರಿಸೀವರ್ ಇಟ್ಟು ಗಡಿಯಾರ ನೋಡಿದಳು. ಮೈಸೂರಿನ ಬಸ್ಸು ಹನ್ನೆರಡಕ್ಕೇ ಹೋಗಿತ್ತು. ಮುಂದಿನದಕ್ಕೆ ಮುಕ್ಕಾಲು ಗಂಟೆ, ಅದು ಎಲ್ಲ ಕಡೆ ನಿಂತು ನಿಂತು ಹೋಗುವುದು.

"ಬಸ್ಸು ಬುಡವ್ವ," ಎಂದರು ಕುಳ್ಳಯ್ಯ. ಆಗಲೇ ಜೀಪಿನ ಕೀಲಿ ಕೈಗೆ ತೆಗೆದುಕೊಂಡಿದ್ದರು. "ನಡಿ, ನಾನ್ ಬುಟ್ಟು ಬತ್ತೀನಿ. ಸೌಂದೂ, ನೀನು ಮೇಷ್ಟ್ರ ತಾವೇ ಇರು."

ಶಾಂತಲಾ ತಿರುಗಿ ನೋಡಿದಳು. ಮೂರು ತೆರೆಗಳು, ಬಾಗಿಲ ತುಂಬ ಮಕ್ಕಳು. ಕಿತ್ತ ತಂತಿಯನ್ನು ವೀರಭದ್ರಸ್ವಾಮಿಯ ಕೈಗೆ ಕೊಟ್ಟಳು.

"ಇದನ್ನ ಹಿಂದೆ ಸಿಕ್ಕಿಸಿ ಮೇಷ್ಟ್ರೇ. ಸಿಕ್ಕಿಸಿದ್ರೆ ತಾನೇ ಡಯಲ್ ಮಾಡ್ಕೊಳ್ಳುತ್ತೆ. ಎಲ್ಲರದೂ ನೋಡಿ ಮುಗಿಸಿ ಬಾಗಿಲು ಹಾಕ್ಕೊಂಡು ಹೋಗಿ. ಬೀಗದ ಕೈ ಗೊಬ್ಬರದಂಗಡೀಲಿ ಕೊಡಿ."

"ಅಮ್ಮಾ, ನನಗೆ ಗೊತ್ತಿರಲಿಲ್ಲ..." ಎಂದರು ಮೇಷ್ಟ್ರು. ತಾನು ಒತ್ತಿದ್ದೇ ಕಾರಣವೆಂದು ಅವರಿಗೆ ಅರ್ಥವಾಗಿತ್ತೋ ಇಲ್ಲವೋ. ಅವಳು ಬಿಡಿಸಿ ಹೇಳಲಿಲ್ಲ. ಮೆಟ್ಟಿಲ ಮೇಲಿನ ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

ಜೀಪು ಹಳೆಯದು, ಕುಳ್ಳಯ್ಯನಿಗೆ ಎಪ್ಪತ್ತರ ಹತ್ತಿರ. ಆದರೂ ಆ ದಿನ ಆ ಮನುಷ್ಯ ಓಡಿಸಿದ್ದನ್ನು ಶಾಂತಲಾ ಮುಂದೆ ಎಷ್ಟೋ ಜನಕ್ಕೆ ಹೇಳಿದ್ದಾಳೆ. ಕಂಪಲಾಪುರದಲ್ಲಿ ಯಾರೋ ಪರಿಚಯದವರು ಕೈ ಅಡ್ಡ ಹಿಡಿದರೆ ಹಾರನ್ ಹೊಡೆದುಕೊಂಡೇ ಮುಂದೆ ಹೋದರು. ಹುಣಸೂರಿನ ಪೇಟೆಯಲ್ಲಿ ಒಂದು ಲಾರಿ ರಸ್ತೆಗೆ ಅಡ್ಡ ನಿಂತು ಹಿಂದೆ ಮುಂದೆ ಆಡುತ್ತಿತ್ತು. ಅವರು ಇಳಿದು ಹೋಗಿ ಬಾನೆಟ್ಟಿನ ಮೇಲೆ ಗುದ್ದಿ, "ಜೀವ ಓಗ್ತಾ ಅದೆ, ತೆಗೀಲಾ!" ಎಂದು ಕಿರುಚಿದರು. ಲಾರಿ ತೆಗೆಯುವವರೆಗೂ ಶಾಂತಲಾ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅವಳ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಹನ್ನೊಂದೂ ಹತ್ತಕ್ಕೆ ಫೋನು ಸಿಕ್ಕಿದ್ದರೆ ಹನ್ನೆರಡೂವರೆ, ಒಂದಕ್ಕೆ ಅಲ್ಲಿರುತ್ತಿದ್ದೆ. ಹನ್ನೆರಡೂವರೆ, ಒಂದು.

ದಾರಿಯಲ್ಲಿ ಕುಳ್ಳಯ್ಯ ಒಮ್ಮೆ ಮಾತ್ರ ಮಾತಾಡಿದರು. "ಬೆಳಗ್ಗೆಯಿಂದ ಏನಾರ ತಿಂದಿದ್ದೀಯವ್ವ?"

"ತಿಂದಿದೀನಿ."

"ಇಲ್ಲದಿದ್ರೆ ರಕ್ತ ಕೊಡಕ್ಕೆ ಬುಡಕಿಲ್ಲ ಅವರು," ಎಂದು, ಇಲವಾಲದ ಹತ್ತಿರ ಜೀಪು ನಿಲ್ಲಿಸದೆ ನಿಧಾನ ಮಾತ್ರ ಮಾಡಿ, ರಸ್ತೆ ಬದಿಯವನಿಂದ ಬಾಳೆಹಣ್ಣಿನ ಚಿಪ್ಪು ಕಿತ್ತುಕೊಂಡು, ಚಿಲ್ಲರೆ ಎಸೆದರು. ಅವಳು ಮೂರು ಹಣ್ಣು ನುಂಗಿದಳು. ರುಚಿ ತಿಳಿಯಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ಎರಡಕ್ಕೆ ಹತ್ತು ನಿಮಿಷವಿತ್ತು. ಶಿವಶಂಕರ ಗೇಟಿನಲ್ಲೇ ನಿಂತಿದ್ದ. ಅಂಗಿಯ ತೋಳಿಗೆ ರಕ್ತ ಒಣಗಿತ್ತು. ಅವಳ ಕೈ ಹಿಡಿದು ಓಡಿಸಿಕೊಂಡು ಹೋದ. ಸೂಜಿ ಚುಚ್ಚಿದರು, ಪರೀಕ್ಷೆ ಮಾಡಿದರು, ಮಲಗಿಸಿದರು. ಚೀಲ ತುಂಬುವುದನ್ನು ಅವಳು ನೋಡುತ್ತ ಮಲಗಿದ್ದಳು. ಬೇಗ ತುಂಬಲಿ ಎಂದು ಮುಷ್ಟಿ ಬಿಗಿಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿದ್ದರೆ ನರ್ಸು, "ನಿಧಾನ ಕಣಮ್ಮ, ನೀನೂ ಬಿದ್ದೀಯ," ಎಂದು ಗದರಿದಳು.

ಆಪರೇಷನ್ ಕೋಣೆಯ ಹೊರಗೆ ಅವ್ವ ವಿಮಲಮ್ಮ ಕೂಸನ್ನು ಎದೆಗೊತ್ತಿಕೊಂಡು ಕೂತಿದ್ದಳು. ಶಾಂತಲಾಳನ್ನು ನೋಡಿದ್ದೇ ಬಿಕ್ಕಿದಳು. "ಎಲ್ಲೋಗಿದ್ದೆ ಮಗಳೇ? ಅಷ್ಟೊತ್ತು ಅದ್ಯಾರ ಜೊತೆ ಮಾತಾಡ್ತಾ ಇದ್ದೆ ಫೋನಲ್ಲಿ?"

ಶಾಂತಲಾ ಕೂಸಿನ ತಲೆ ಮುಟ್ಟಿ ನೋಡಿದಳು. ಗೋಡೆಗೆ ಒರಗಿ ಕೂತಳು. ಒಂದು ಗಂಟೆಯಾಯಿತು, ಎರಡಾಯಿತು. ಬಾಗಿಲು ತೆರೆದಾಗಲೆಲ್ಲ ಮೂವರೂ ಎದ್ದು ನಿಲ್ಲುತ್ತಿದ್ದರು. ಯಾರೋ ಟ್ರೇ ಹಿಡಿದು ಹೋಗುತ್ತಿದ್ದರು, ಇವರು ಮತ್ತೆ ಕೂರುತ್ತಿದ್ದರು. ಕುಳ್ಳಯ್ಯ ಜೀಪಿನಲ್ಲೇ ಕಾದಿದ್ದರು. ಹೋಗಿ ಎಂದರೂ ಹೋಗಲಿಲ್ಲ.

ಐದು ದಾಟಿದ ಮೇಲೆ ಡಾಕ್ಟರಮ್ಮ ಹೊರಗೆ ಬಂದರು. ರಕ್ತ ನಿಂತಿದೆ, ಇನ್ನೆರಡು ದಿನ ಹುಷಾರಾಗಿ ನೋಡಬೇಕು, ಆದರೆ ಗಂಡಾಂತರ ಕಳೆಯಿತು ಎಂದರು. "ಮುಂದೆ ಮಕ್ಕಳಾಗಲ್ಲ. ಗರ್ಭಕೋಶ ತೆಗೀಬೇಕಾಯ್ತು. ರಕ್ತ ಕೈಯಲ್ಲಿ ಇಲ್ಲದಾಗ ನಾವು ಕಾಯೋ ಹಾಗಿರಲಿಲ್ಲ."

ಮಗಳ ಜೀವ ಉಳಿಯಿತಲ್ಲ ಎಂದು ವಿಮಲಮ್ಮ ದೇವರಿಗೆ ಕೈಮುಗಿದಳು. ಶಾಂತಲಾಳ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಹನ್ನೆರಡೂವರೆ, ಒಂದು.

ಭಾವನನ್ನು ಕಾರಿಡಾರಿನ ತುದಿಗೆ ಕರೆದಳು. ಸುಳ್ಳು ಸುಲಭವಿತ್ತು. ಲೈನು ಕೆಟ್ಟಿತ್ತು ಎಂದರೆ ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ, ಆ ಕಾಲದಲ್ಲಿ ಲೈನು ದಿನಾ ಕೆಡುತ್ತಿತ್ತು. ಅವಳು ಎಲ್ಲವನ್ನೂ ಹೇಳಿದಳು. ಹಿಂದಿನ ದಿನ ಹಾಕಿದ ಪ್ರಾಕ್ಸಿ, ತಾನು ಹಾಕಿದ ಟಿಕ್ಕು, ನಿಲ್ಲಿಸಿದ ಸದ್ದು, ಸುಮ್ಮನೆ ಫೋನಿನ ಮುಂದೆ ನಿಂತದ್ದು. ಅರ್ಧ ಅವನಿಗೆ ಅರ್ಥವಾಗಲಿಲ್ಲ. "ಒಟ್ಟಿನಲ್ಲಿ ಎಂಗೇಜು ಆಗಿದ್ದು ನನ್ನಿಂದಲೇ ಭಾವ. ಬೇರೆ ಯಾರಿಂದಲೂ ಅಲ್ಲ," ಎಂದಳು.

ಶಿವಶಂಕರ ಅವಳ ಮುಖ ನೋಡಲಿಲ್ಲ. ಕಿಟಕಿಯ ಕಂಬಿ ಹಿಡಿದು ತುಂಬ ಹೊತ್ತು ನಿಂತ. ಆಮೇಲೆ ತಿರುಗಿ ಮೆಟ್ಟಿಲಿಳಿದು ಹೊರಟೇಹೋದ.

ಇನ್ನು ಈ ಮನುಷ್ಯ ತನ್ನೊಡನೆ ಮಾತಾಡುವುದಿಲ್ಲ ಎಂದುಕೊಂಡು ಶಾಂತಲಾ ಅಲ್ಲೇ ಬೆಂಚಿನ ಮೇಲೆ ಕುಸಿದಳು. ಕಾಲು ಗಂಟೆ ಕಳೆದಿರಬೇಕು. ಅವನು ವಾಪಸು ಬಂದ. ಒಂದು ಕೈಲಿ ಔಷಧಿ ಚೀಲ, ಇನ್ನೊಂದರಲ್ಲಿ ಕೆತ್ತಿದ ಎಳನೀರು.

"ಕುಡಿ," ಎಂದ. "ರಕ್ತ ಕೊಟ್ಟಿದ್ದೀಯ."

ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬೇಜಾರು ಐತೆ ನಂಗೆ," ಎಂದ ಅವನು, ಪಕ್ಕದಲ್ಲಿ ಕೂತು, ಎದುರಿನ ಗೋಡೆ ನೋಡುತ್ತ. "ಇಲ್ಲ ಅನ್ನಲ್ಲ. ಸ್ವಲ್ಪ ದಿನ ಇರ್ತದೆ." ಔಷಧಿ ಚೀಲವನ್ನು ಬೆಂಚಿನ ಮೇಲಿಟ್ಟ. "ನಿಮ್ಮಕ್ಕಂಗೆ ಈಗ್ಲೇ ಹೇಳಬೇಡ. ಎದ್ದು ಓಡಾಡೋ ಹಂಗಾಗ್ಲಿ. ಆಮೇಲೆ ನೀನೇ ಹೇಳು."

"ಹೇಳ್ತೀನಿ ಭಾವ."

"ಆ ಮಕ್ಕಳೆಲ್ಲ ನೋಡ್ಕೊಂಡ್ರಾ ಫಲಿತಾಂಶ?"

"ಗೊತ್ತಿಲ್ಲ. ಬಿಟ್ಟು ಬಂದೆ."

"ಕೆಳಗಡೆ ಫೋನ್ ಬೂತು ಐತೆ. ಒಂದ್ಸಲ ಮಾಡಿ ಕೇಳು, ಪಾಪ," ಎಂದು ಅವನು ಎದ್ದು, ಕೂಸನ್ನು ಎತ್ತಿಕೊಳ್ಳಲು ಅತ್ತೆಯ ಕಡೆ ಹೋದ.